ಜರ್ಮನಿಯಲ್ಲಿ ಕಲಿತ ಮೊದಲ ‘ನೀವು’

ಜರ್ಮನ್ ಕಲಿಯಲೆಂದು ಇಲ್ಲಿಗೆ ಬಂದಿದ್ದೇನೆ, ತರಗತಿ ಇನ್ನೂ ಶುರುವಾಗಿಲ್ಲ. ಸದ್ಯ ನನಗೆ ಗೊತ್ತಿರುವುದು ಚಾಮರಾಜನಗರದ ಚರ್ಚಿನಲ್ಲಿ ವಯಸ್ಸಾದ ಸಿಸ್ಟರ್ ಒಬ್ಬರು ಕಲಿಸಿದ ಜರ್ಮನ್ ಪ್ರಾರ್ಥನೆಗಳಷ್ಟೇ. ಗುಂಡ್ಲುಪೇಟೆಗೆ ವಾಪಸಾಗುವ ಬಸ್ಸು ತೆರಕಣಾಂಬಿ ಮುಟ್ಟುವಷ್ಟರಲ್ಲಿ ಅವನ್ನು ಬಾಯಿಪಾಠ ಮಾಡುತ್ತಿದ್ದೆ.

ಇವತ್ತು ವಾಸದ ಪರವಾನಗಿಗೆಂದು ಸರ್ಕಾರಿ ಕಚೇರಿಗೆ ಬಂದೆ. ಮೇಜಿನಾಚೆ ಅಮ್ಮನಿಗಿಂತ ಹಿರಿಯ ಅಧಿಕಾರಿ ಕುಳಿತಿದ್ದರು. ಧೈರ್ಯ ಮಾಡಿ ಜರ್ಮನ್‌ನಲ್ಲೇ ಕೇಳಿದೆ: “ನೀನು ನನಗೆ ಸಹಾಯ ಮಾಡುತ್ತೀಯಾ?”

ಆಕೆ ಕನ್ನಡಕ ತೆಗೆದರು. “ನಮ್ಮಿಬ್ಬರಿಗೆ ಮೊದಲೇ ಪರಿಚಯವಿದೆಯೇ?”

ವಿಶ್ವಾಸದಿಂದ ಕೇಳುತ್ತಿದ್ದಾರೆ ಅಂದುಕೊಂಡೆ. “ಇಲ್ಲ, ಆದರೆ ನೀನು ತುಂಬ ಒಳ್ಳೆಯವಳು.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಕೆ ಮಗುವನ್ನು ತಿದ್ದುವಂತೆ ನಿಧಾನವಾಗಿ, “ನೀವು ಎನ್ನಬೇಕು,” ಎಂದರು. ಪ್ರಾರ್ಥನೆಯಲ್ಲಿ ದೇವರನ್ನು ‘ನೀನು’ ಎಂದೇ ಕರೆಯುತ್ತೇವೆ, ನಾನು ಕಲಿತದ್ದು ಅದೊಂದೇ ಎಂದು ವಿವರಿಸುವಷ್ಟು ಜರ್ಮನ್ ನನ್ನಲ್ಲಿರಲಿಲ್ಲ. ಗಾಬರಿಯಲ್ಲಿ ಪ್ರಾರ್ಥನೆಯ ಇನ್ನೊಂದು ಮಾತು ಬಾಯಿಗೆ ಬಂತು: “ಕ್ಷಮಿಸು.” ಅದೂ ಏಕವಚನವೇ. ಆಕೆ ಕೆಲಸ ಮುಗಿಸಿ ಪಾಸ್‌ಪೋರ್ಟ್ ಹಿಂದಿರುಗಿಸಿದರು.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ನಗುತ್ತಾಳೆಂದುಕೊಂಡಿದ್ದೆ.

“ಅಲ್ಲ ಕಣ್ಲಾ, ಅಷ್ಟ್ ದೊಡ್ಡವ್ರ್ನ ನೀನು ಅಂದ್ಬುಟ್ಯಾ? ಓಗು, ಒಳಕ್ಕೋಗಿ ಸರ್ಯಾಗಿ ಮಾತಾಡ್ಬುಟ್ಟು ಬಾ.”

ಈಗ ಮತ್ತೆ ಸಾಲಿನ ಕೊನೆಯಲ್ಲಿ ನಿಂತು, ‘ಕ್ಷಮಿಸಿ, ನೀವು ಕ್ಷಮಿಸಿ’ ಎಂದು ಜರ್ಮನ್‌ನಲ್ಲಿ ಗುನುಗುತ್ತಿದ್ದೇನೆ. ಮುಂದಿದ್ದ ಹಿರಿಯರೊಬ್ಬರು ತಮಗೇ ಹೇಳಿದೆನೆಂದು ತಿಳಿದು, ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.