ಸೀಮೆಎಣ್ಣೆಯ ಸಾಲು

ದಾಂಡೇಲಿಯ ಕಾಗದ ಕಾರ್ಖಾನೆಯ ಗೇಟಿನಲ್ಲಿ ಬಿದಿರಿನ ಲಾರಿ ತೂಗಿಸುತ್ತಿದ್ದ ಈಶಪ್ಪನಿಗೆ ವರ್ಷಕ್ಕೊಂದು ದಿನ ಅರ್ಥಮಂತ್ರಿಯಾಗುವ ಯೋಗವಿತ್ತು. ಫೆಬ್ರವರಿಯ ಕೊನೆಯ ಸಂಜೆ ದಿಲ್ಲಿಯಲ್ಲಿ ಮಂತ್ರಿಗಳು ಬಜೆಟ್ ಓದಿದರೆ, ಮರುಸಂಜೆ ಅಳ್ನಾವರದ ರೈಲಿನಲ್ಲಿ ಪೇಪರು ಬಂದ ಮೇಲೆ ದುರ್ಗವ್ವನ ಚಹಾದಂಗಡಿಯಲ್ಲಿ ಈಶಪ್ಪ ಓದುತ್ತಿದ್ದ. ಮೈಮೇಲೆ ಮದುವೆಯ ಕೋಟು, ಕಂಕುಳಲ್ಲಿ ಚರ್ಮದ ಚೀಲ. ಚೀಲದಲ್ಲಿ ಪೇಪರಿನ ಜೊತೆ ಊಟದ ಡಬ್ಬಿಯೂ ಇರುತ್ತಿತ್ತೆನ್ನಿ. ದಿಲ್ಲಿಯ ಚೀಲದಲ್ಲಿ ಏನಿರುತ್ತದೆಂದು ನಾವು ನೀವು ಕಂಡವರೇ?

ಓದು ಮುಗಿದ ಮೇಲೆ ದುರ್ಗವ್ವ ಚಹಾದ ದರ ಹೇಳುವಳು. ಒಮ್ಮೆ ಹೇಳಿದರೆ ಮುಂದಿನ ಬಜೆಟ್ಟಿನವರೆಗೆ ಅದೇ. ಗಂಡ ಸತ್ತು ಅಂಗಡಿ ಕೈಗೆ ಬಂದಂದಿನಿಂದ ಆಕೆ ಮುರಿಯದ ಕಟ್ಟಳೆ ಅದು.

ಚೀನಾ ಯುದ್ಧದ ಮರುವರ್ಷ ಓದು ಶುರುವಾಗುವ ಮೊದಲೇ ದುರ್ಗವ್ವ ಕೈ ಮುಗಿದಳು. "ಮಂತ್ರಿಗಳ, ಏನರ ಏರಸ್ರಿ, ಚಿಮಣಿ ಎಣ್ಣಿ ಒಂದ ಮುಟ್ಟಬ್ಯಾಡ್ರಿ. ಸಂಜಿಮುಂದ ಎರಡ ಕಂದೀಲ, ಒಂದ ಸ್ಟೋ ಉರೀತಾವ ನನಗ."

ತಂಬಾಕಿನ ಸುಂಕ ಓದುತ್ತಲೇ ಹಮಾಲಿ ಕರಿಬಸಪ್ಪ ಎದ್ದ. "ಬೀಡೀ ಮ್ಯಾಲೂ ಕಣ್ಣ ಹಾಕಿದ್ರ್ಯಾ ಸಾಹೇಬ್ರ? ನಾವ ನಿಮಗ ಏನ ಮಾಡೀವ್ರಿ?"

ಅದರ ಕೆಳಗೇ ಸೀಮೆಎಣ್ಣೆಯ ಸುಂಕ ಏರಿಸಿದ ಸಾಲಿತ್ತು. ಈಶಪ್ಪ ಅದನ್ನು ನುಂಗಿ ಪೇಪರು ಮಡಿಚಿದ.

"ಹಂಗಾರ ಚಹಾ ಹ್ವಾದ ವರ್ಷದ ದರಾನ!" ಎಂದಳು ದುರ್ಗವ್ವ. ಚಪ್ಪಾಳೆ ಬಿತ್ತು.

ಮನೆಯ ದಾರಿಯುದ್ದಕ್ಕೂ ಆ ಚಪ್ಪಾಳೆ ಈಶಪ್ಪನನ್ನು ಚುಚ್ಚಿತು. ಮೊದಲು ದೇಶದ ಕ್ಷೇಮಸಮಾಚಾರ, ಕೊನೆಗೆ ತೆರಿಗೆ. ಇದು ಬಜೆಟ್ಟಿನ ಸಂಪ್ರದಾಯ. ಬೈಗುಳವೆಲ್ಲ ಬರುವುದು ಆ ಕೊನೆಯ ಭಾಗಕ್ಕೆ. ಆದರೂ ಮಂತ್ರಿಯಾದವನು ಎದ್ದು ನಿಂತು, ಬೈಯುವವರ ಎದುರಿಗೇ ಅದನ್ನು ಪೂರ್ತಿ ಓದಬೇಕು. ಕೋಟು, ಚೀಲ ಕಲಿತಷ್ಟು ಸಲೀಸಾಗಿ ಈಶಪ್ಪನಿಗೆ ಇದು ಬಂದಿರಲಿಲ್ಲ.

ಮರುಸಂಜೆ ಕೋಟಿಲ್ಲದೆ ಹೋಗಿ, ಎಲ್ಲರ ಮುಂದೆ ನಿಂತು ಆ ಸಾಲು ಓದಿದ.

"ನಿನ್ನೆ ಯಾಕ ಓದಲಿಲ್ರಿ?" ಕೇಳಿದಳು ದುರ್ಗವ್ವ.

"ಯವ್ವಾ, ನಿನ್ನ ಮಾರಿ ನೋಡಿ ಬಾಯಿ ಬರಲಿಲ್ಲ."

"ಮಾರಿ ನೋಡಿ ಓದೂದಾದ್ರ ಪೇಪರ್ ಯಾಕ ಬೇಕ್ರಿ?"

"ತಪ್ಪ ನಂದು. ದರ ಏರಸು."

"ಹೇಳಿದ್ದ ಹೇಳೇನಿ, ಏರಸಂಗಿಲ್ಲ. ಇನ್ನ ಕಂದೀಲ ಹಚ್ಚಂಗಿಲ್ಲ, ಅಷ್ಟ."

ಅಂದಿನಿಂದ ಹೊತ್ತು ಮುಳುಗುವ ಮೊದಲೇ ಅಂಗಡಿ ಮುಚ್ಚತೊಡಗಿತು. ತಡವಾಗಿ ಕೆಲಸ ಬಿಟ್ಟು ಬಂದವರು ಮುಚ್ಚಿದ ಬಾಗಿಲು ನೋಡಿ ದುರ್ಗವ್ವನನ್ನು ಬೈದರೆ, ಈಶಪ್ಪ ಅಡ್ಡ ಬಂದು ನಿಲ್ಲುವನು. "ಆಕೀಗೆ ಅನಬ್ಯಾಡ್ರಿ. ಓದಬೇಕಾದಾವ ನಾ ಓದಲಿಲ್ಲ." ಆಮೇಲಿನ ಬೈಗುಳವನ್ನು ನಿಂತೇ ಕೇಳುತ್ತಿದ್ದ, ಮುಗಿಯುವವರೆಗೆ.