ಕಂಜಿಚೇಚಿಯ ‘ಸಾಕೋ?’

ತೆಂಗಿನೆಣ್ಣೆಯಲ್ಲಿ ಸಿಡಿದ ಸಾಸಿವೆ, ಬೆಂದ ಹೆಸರುಕಾಳಿನ ಮೇಲೆ ಬಿದ್ದಾಗ ಏಳುವ ಘಮ... ಕಳೆದ ವಾರ ಮಗಳ ಶಾಲೆಗೆ ಹೋದಾಗ ಅದು ಮೂಗಿಗೆ ಬಡಿದದ್ದೇ ತಡ, ಕಣ್ಣು ತುಂಬಿಬಂತು. ನಾನು ಓದಿದ್ದೂ ಅದೇ ಶಾಲೆಯಲ್ಲಿ. ಅಲ್ಲಿ ಮಧ್ಯಾಹ್ನದ ಗಂಜಿ ಬೇಯಿಸುತ್ತಿದ್ದವಳನ್ನು ನಾವೆಲ್ಲ ಕಂಜಿಚೇಚಿ ಅನ್ನುತ್ತಿದ್ದೆವು, ಗಂಜಿಯಕ್ಕ ಅಂತ.

ಗಡಿಯೂರು ಕೊಳವಳ್ಳಿಯ ಶಾಲೆಯಲ್ಲೆಲ್ಲ ಮಲಯಾಳ, ನಮ್ಮ ಮನೆಯಲ್ಲಿ ಕನ್ನಡವೊಂದೇ. ಶಾಲೆ ಸೇರಿದಾಗ ನನಗೆ ಮಲಯಾಳ ಒಂದಕ್ಷರ ಬಾರದು. ಅಪ್ಪನಿಗೋ ಬುದ್ಧಿವಂತರೆಂದರೆ ದೇವರು. ನಾನು ಒಂದು ಲೋಟ ಉರುಳಿಸಿದರೂ “ಮತಿ ಇಲ್ವಾ ನಿಂಗೆ, ಮತಿಗೇಡಿ!” ಅಂತ ಗದರುತ್ತಿದ್ದರು.

ಶಾಲೆಯ ಜಗಲಿಯ ಊಟದ ಸಾಲಿನಲ್ಲಿ ಕಂಜಿಚೇಚಿ ಒಂದು ಸೌಟು ಬಡಿಸಿ “ಮತಿಯೋ?” ಅಂದಳು. ಅಯ್ಯೋ, ಇವಳೂ ಶುರುಮಾಡಿದಳಲ್ಲ! ಎದೆಯುಬ್ಬಿಸಿ “ಮತಿ, ಮತಿ!” ಅಂದೆ. ಮಲಯಾಳದಲ್ಲಿ ಮತಿ ಅಂದರೆ ಸಾಕು ಅಂತ ನನಗೇನು ಗೊತ್ತು? ಅವಳು ಸೌಟು ಹಿಂದೆಗೆದಳು. ದಿನವೂ ಇದೇ ಕತೆ. ಈ ಶಾಲೆಯಲ್ಲಿ ಬುದ್ಧಿಯಿದ್ದವರಿಗೆ ಊಟ ಕಮ್ಮಿ ಅಂತಲೇ ನಂಬಿಬಿಟ್ಟೆ.

ಒಂದು ದಿನ ಹಸಿವು ತಡೆಯಲಾರದೆ ತಟ್ಟೆ ಚಾಚಿ ಅತ್ತೇಬಿಟ್ಟೆ. “ನಂಗೆ ಮತಿ ಇಲ್ಲ... ಇನ್ನೊಂಚೂರು ಹಾಕಿ!”

ಪಕ್ಕದಲ್ಲೇ ಲೆಕ್ಕದ ಮೇಷ್ಟ್ರು, ಎಲ್ಲರೂ ಮಾಷ್ ಅನ್ನುತ್ತಿದ್ದವರು, ನಿಂತಿದ್ದರು. ಎರಡೂ ಭಾಷೆ ಬಲ್ಲವರು, ಅಪ್ಪ ಊರಿಗೆಲ್ಲ ಹೊಗಳುತ್ತಿದ್ದ ತಲೆ ಅದು. ಅವರಿಗೆ ತಕ್ಷಣ ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು, ಎಲ್ಲರಿಗೂ ಬಿಡಿಸಿ ಹೇಳಿದರು. ಜಗಲಿಗೆ ಜಗಲಿಯೇ ನಕ್ಕಿತು. ಕಂಜಿಚೇಚಿ ನಗಲಿಲ್ಲ.

“ಅಪ್ಪೊ ಈ ಮೋಳ್ ಇತ್ರ ದಿವಸಂ ವಿಶನ್ನಿರುನ್ನೋ, ಮಾಷೇ?” ಅಂದಳು. ಹಾಗಾದರೆ ಈ ಮಗು ಇಷ್ಟು ದಿನ ಹಸಿದುಕೊಂಡಿತ್ತಾ ಅಂತ.

ಸಂಜೆಯೊಳಗೆ ನನ್ನ ಹೆಸರೇ ‘ಮತಿಯಿಲ್ಲ’ ಆಗಿಹೋಯಿತು. ಇನ್ನು ಸತ್ತರೂ ಶಾಲೆಗೆ ಹೋಗೆನೆಂದು ಹಟ ಹಿಡಿದೆ. “ಹಂಗಾದ್ರೆ ಮೆಣಸು ಕುಯ್ಯೋಕೆ ಬಾ,” ಅಂದರು ಅಪ್ಪ. ತಮಾಷೆಗಲ್ಲ, ಶಾಲೆ ಬಿಡಿಸಿಯೇಬಿಡುತ್ತಿದ್ದರು. ಅವ್ವ ಮಾತ್ರ “ಇವತ್ತೊಂದಿನ ಹೋಗವ್ವ” ಅಂತ ಮರುದಿನ ದರದರನೆ ಎಳೆತಂದಳು.

ಮಧ್ಯಾಹ್ನ ಸಾಲಿನ ಕೊನೆಯಲ್ಲಿ ತಲೆ ತಗ್ಗಿಸಿ ನಿಂತೆ. ಮುಂದೆ ಏನೋ ಗದ್ದಲ. ನೋಡಿದರೆ ಕಂಜಿಚೇಚಿ ಮೊದಲಿನವನಿಗೇ “ಸಾಕೋ?” ಅನ್ನುತ್ತಿದ್ದಾಳೆ! ಹೊಳೆ ದಾಟಿಸುವ, ಕನ್ನಡ ಬಲ್ಲ ದೋಣಿಯವನನ್ನು ಕೇಳಿ ಕಲಿತಳಂತೆ. “ಮತಿ” ಅಂದವರ ತಟ್ಟೆಗೆ ಇನ್ನೊಂದು ಸೌಟು, ಮತ್ತೂ “ಮತಿ” ಅಂದರೆ ಮತ್ತೊಂದು. ಗಂಜಿ ತಟ್ಟೆಯಂಚಿಗೆ ಬಂದಾಗ “ಸಾಕು ಚೇಚೀ, ಸಾಕು!” ಅಂತ ಕೂಗಲೇಬೇಕು. ನನ್ನ ಸರದಿ ಬರುವಷ್ಟರಲ್ಲಿ ಇಡೀ ಶಾಲೆ ನನ್ನ ಭಾಷೆ ಆಡುತ್ತಿತ್ತು.

“ಸಾಕೋ, ಮೋಳೇ?”

“ಇಲ್ಲ, ಇನ್ನೂ ಬೇಕು!” ಅಂದೆ. ಆಗ ನಕ್ಕಳು. ಶಾಲೆ ಬಿಡುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಮಾಷ್ ಕೆಟ್ಟವರೇನಲ್ಲ, ಅವರು ಕಲಿಸಿದ ಲೆಕ್ಕವೇ ಇವತ್ತು ನನಗೆ ಅನ್ನ ಕೊಡುತ್ತಿದೆ. ಆದರೂ ಯಾರಾದರೂ “ಅಬ್ಬಾ, ಎಂಥ ತಲೆ ಅವನದು!” ಅಂದರೆ, ಇರಲಿ ಬಿಡಿ ಅನಿಸುತ್ತದೆ. ನನಗೆ ಕೈಮುಗಿಯಬೇಕು ಅನಿಸುವುದು ಆ ಸೌಟು ಹಿಡಿದ ಕೈಗೆ.

ಅವಳು ತೀರಿಕೊಂಡು ವರ್ಷಗಳೇ ಆದವು... ಈಗ ಬಡಿಸುವವಳು ಎಳೆಯ ಹೆಂಗಸು, ಕನ್ನಡದ ಗಂಧವೂ ಇಲ್ಲ. ಕಳೆದ ವಾರ ಅವಳು ಮಕ್ಕಳಿಗೆ ಬಡಿಸುತ್ತ “ಸಾಕೋ?” ಅನ್ನುವುದು ಕೇಳಿಸಿತು. ಮಲಯಾಳಿ ಮಕ್ಕಳೆಲ್ಲ “ಸಾಕು!” ಅನ್ನುತ್ತಿದ್ದರು. ಯಾಕೆ ಹೀಗೆ ಅಂತ ಕೇಳಿದೆ.

“ಇವಿಡೆ ಪಂಡೇ ಅಙ್ಙನೆಯಾ, ಚೇಚೀ,” ಅಂದಳು. ಇಲ್ಲಿ ಮೊದಲಿನಿಂದಲೂ ಹಾಗೇ ಅಂತೆ. ಯಾರು ಶುರುಮಾಡಿದ್ದೋ ಅವಳಿಗೆ ತಿಳಿಯದು.

ನಾನೂ ಒಂದು ತಟ್ಟೆ ಹಿಡಿದೆ. ಒಂದು ಸೌಟು ಬಡಿಸಿ “ಸಾಕೋ?” ಅಂದಳು. ನಾನು ತಟ್ಟೆಯನ್ನು ಇನ್ನೂ ಮುಂದಕ್ಕೆ ಚಾಚಿದೆ. ಅವಳು ಇನ್ನೊಂದು ಸೌಟು ಹಾಕಿದಳು.