ಅತ್ತೆ ಕೇಳಿದ ಕಟ್ಟೆ

ನಮ್ಮ ಹುಣಸೂರಿನ ಬಡಾವಣೆಯ ಪಾರ್ಕಿಗೆ ಮೊನ್ನೆ ಬಣ್ಣ ಹೊಡೆದರು. ಅಂಚುಗಲ್ಲಿಗೆ ಒಂದು ಬಿಳಿ, ಒಂದು ಕೆಂಪು. ಹಾಲು ತರಲು ಹೋದವಳ ಮೂಗಿಗೆ ಹಸಿ ಸುಣ್ಣದ ಜೊತೆ ಕೆಮ್ಮಣ್ಣಿನ ವಾಸನೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು, ಸೆರಗು ಸರಿಮಾಡಿಕೊಂಡೆ. ನಗಬೇಡಿ. ಮಿಲಿಟರಿ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರಿಗೆ ಆ ವಾಸನೆ ಬಂತೆಂದರೆ ಯಾರೋ ದೊಡ್ಡ ಸಾಹೇಬರು ಬರುತ್ತಿದ್ದಾರೆ ಎಂದೇ ಅರ್ಥ.

ನಮ್ಮ ಯಜಮಾನರು ಹವಾಲ್ದಾರರಾಗಿದ್ದರು. ನಾವಿದ್ದದ್ದು ಉತ್ತರದ ಒಂದು ದೊಡ್ಡ ಕಂಟೋನ್ಮೆಂಟಿನಲ್ಲಿ. ಊರಿನ ಹೆಸರು ಹೇಳಿದರೆ ಯಜಮಾನರು ಈಗಲೂ ಗದರುತ್ತಾರೆ, ಮಿಲಿಟರಿ ವಿಷಯವಂತೆ. ರಿಟೈರಾಗಿ ಎಷ್ಟು ಕಾಲವಾದರೇನು, ಶತ್ರುಗಳು ನನ್ನ ಬಾಯಿಂದಲೇ ಎಲ್ಲ ತಿಳಿದುಕೊಳ್ಳಲು ಕಾದಿದ್ದಾರೆಂದು ಅವರ ನಂಬಿಕೆ. ಅಲ್ಲಿ ಕದಲದೆ ನಿಂತದ್ದಕ್ಕೆಲ್ಲ ಸುಣ್ಣ ಬೀಳುತ್ತಿತ್ತು. ಮರಗಳಿಗಂತೂ ಸೊಂಟದವರೆಗೆ. ಅಲ್ಲೇ ಹುಟ್ಟಿ ಬೆಳೆದ ನನ್ನ ದೊಡ್ಡ ಮಗಳು ಮೊದಲ ಸಲ ಊರಿಗೆ ಬಂದಾಗ ತೋಟದ ತೆಂಗಿನಮರಗಳನ್ನು ನೋಡಿ, "ಇವಕ್ಯಾಕಮ್ಮ ಚಡ್ಡಿ ಹಾಕಿಲ್ಲ?" ಎಂದು ಕೇಳಿದ್ದಳು.

ಆ ಊರಿಗೆ ನಮ್ಮತ್ತೆ ಬಂದದ್ದು ನನ್ನ ಎರಡನೆಯ ಬಾಣಂತನಕ್ಕೆ. ರೈಲಿನಲ್ಲಿ ಅಷ್ಟು ದೂರ ಹೋಗಕೂಡದೆಂದು ಡಾಕ್ಟರು ನನಗೆ ಹೇಳಿದ್ದರು. ಯಜಮಾನರಿಗೆ ಆ ಚಳಿಗಾಲ ಗಡಿಯ ಕಡೆ ಡ್ಯೂಟಿ ಬೀಳುವುದು ಖಂಡಿತವಾಗಿತ್ತು. ಹೀಗಾಗಿ ಅತ್ತೆಯೇ ನಮ್ಮೂರು ಹೊಸ ಅಗ್ರಹಾರದಿಂದ ಒಂದು ಡಬ್ಬ ರಾಗಿ ಹಿಟ್ಟು, ಮುದ್ದೆ ಕೋಲು, ಒಂದು ಗಂಟು ಅವರೆಕಾಳು ಹೊತ್ತು ಬಂದಿಳಿದರು. ಅತ್ತೆ ಇದ್ದರೆ ನನಗೆ ಧೈರ್ಯ. ಆದರೆ ಬಂದ ಎರಡನೆಯ ವಾರಕ್ಕೇ ಅವರು ಊರಿಗೆ ಹೋಗುವ ಮಾತು ತೆಗೆದರು.

ಊಟ ಸೇರುತ್ತಿಲ್ಲವೇ, ಚಳಿಯೇ ಎಂದು ಕೇಳಿದೆ.

"ಎಲ್ಲಾ ಸರಿಯಾಗೇ ಅದೆ ಕಣವ್ವ, ಕೂತ್ಕಳಕ್ಕೊಂದು ಜಾಗ ಇಲ್ಲ" ಎಂದರು ಅತ್ತೆ.

ಕುರ್ಚಿ ತೋರಿಸಿದೆ. ಅದು ಜಾಗವಲ್ಲವಂತೆ. ಅಲ್ಲಿಂದ ಯಾರೂ ಕಾಣುವುದಿಲ್ಲ, ಯಾರಿಗೂ ತಾವು ಕಾಣುವುದಿಲ್ಲ. ಊರಿನಲ್ಲಿ ಅವರಿಗೆ ಮನೆ ಮುಂದಿನ ಕಟ್ಟೆ ಇತ್ತು. ಇಳಿಹೊತ್ತಿಗೆ ಅಲ್ಲಿ ಕೂತರೆ ಪಕ್ಕದ ಭೇರ್ಯದ ಕಡೆಯಿಂದ ಬಂದವರು, ಗದ್ದೆಯಿಂದ ಮರಳಿದವರು ಎಲ್ಲರ ಸಮಾಚಾರವೂ ನಡೆದು ಬಂದು ಅವರ ಕಿವಿಗೆ ಬೀಳುತ್ತಿತ್ತು. ಇಲ್ಲಿ ಬಾಗಿಲುಗಳು ಸದಾ ಮುಚ್ಚಿರುತ್ತಿದ್ದವು. ಬೇಸತ್ತು ಒಂದು ದಿನ ರಸ್ತೆಯಂಚಿನ ಸುಣ್ಣದ ಕಲ್ಲಿನ ಮೇಲೆ ಕೂತರು. ಸೈಕಲ್ಲಿನಲ್ಲಿ ಬಂದ ಮಿಲಿಟರಿ ಪೊಲೀಸಿನವನು ಸೆಲ್ಯೂಟ್ ಹೊಡೆದು, ಆ ಕಲ್ಲು ಕೂರುವುದಕ್ಕಲ್ಲ, ಸಾಲಾಗಿರುವುದಕ್ಕೆ ಎಂದು ಎಬ್ಬಿಸಿದ. ಅತ್ತೆ ಸೀರೆಯ ಹಿಂದೆ ಒಂದು ಬಿಳಿ ಚೌಕ ಹೊತ್ತು ಮನೆಗೆ ಬಂದರು.

ಹಾಗೆಂದು ಕಂಟೋನ್ಮೆಂಟಿನಲ್ಲಿ ಮನರಂಜನೆಗೆ ಕೊರತೆ ಇತ್ತೆಂದು ತಿಳಿಯಬೇಡಿ. ಬ್ಯಾಡ್ಮಿಂಟನ್ ಕೋರ್ಟ್, ಲೈಬ್ರರಿ, ಶನಿವಾರದ ಸಿನಿಮಾ, ಈಜುಕೊಳ, ಏನು ಬೇಕು. ನಾನೇ ಅತ್ತೆಯನ್ನು ಒಂದೊಂದಕ್ಕೂ ಕರೆದೊಯ್ದೆ. ಈಜುಕೊಳದ ಸುತ್ತ ಒಂದು ಸುತ್ತು ಬಂದು, "ಇಷ್ಟು ನೀರು ಸುಮ್ನೆ ನಿಂತದಲ್ಲ, ಇದರ ತೂಬೆಲ್ಲದೆ?" ಎಂದು ಕೇಳಿದರು. ತಂಬೋಲಾ ಆಟದಲ್ಲಿ ಪಕ್ಕದವಳು ಇವರ ಚೀಟಿಗೂ ಗೀಟು ಹಾಕಿ ಒಂದು ಟಿಫನ್ ಬಾಕ್ಸ್ ಗೆಲ್ಲಿಸಿಕೊಟ್ಟಳು. ಅತ್ತೆಗೆ ಅದೂ ರುಚಿಸಲಿಲ್ಲ. "ಅಷ್ಟೊತ್ತು ಅಂಕಿ ಕೂಗುದ್ರು, ಒಬ್ಬರಾದ್ರೂ ಮಾತಾಡುದ್ರಾ?"

ಸರಿ, ಕುಟುಂಬದವರ ಮೀಟಿಂಗಿನಲ್ಲಿ ಕೇಳಿ ನೋಡೋಣ ಎಂದೆ. ತಿಂಗಳಿಗೊಮ್ಮೆ ನಡೆಯುವ ಸಭೆ ಅದು. ಯೂನಿಟ್ಟಿನ ಮುಖ್ಯಸ್ಥರಾದ ಸಿ.ಒ. ಸಾಹೇಬರೂ ಅವರ ಶ್ರೀಮತಿಯವರೂ ಮುಂದೆ ಕೂತು, ಯಾರಿಗೇನು ತೊಂದರೆ ಎಂದು ವಿಚಾರಿಸುತ್ತಿದ್ದರು. ತೊಂದರೆಗೆ ಅಲ್ಲಿ 'ಪಾಯಿಂಟ್' ಎನ್ನುತ್ತಾರೆ. ಸಾಮಾನ್ಯವಾಗಿ ಯಾರಿಗೂ ಪಾಯಿಂಟ್ ಇರುತ್ತಿರಲಿಲ್ಲ. ಬೇಗ ಸಮೋಸ ಬರಲಿ ಎನ್ನುವುದೊಂದೇ ಎಲ್ಲರ ಮನಸ್ಸಿನಲ್ಲಿ.

ಆಗ ನನಗೆ ಗೊತ್ತಿಲ್ಲದಿದ್ದ ಒಂದು ಸಂಗತಿಯನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಆ ಸೀಮೆಯ ಮಾತಿನಲ್ಲಿ 'ಕಟ್ಟಾ' ಎಂದರೆ ಲೈಸೆನ್ಸಿಲ್ಲದೆ ಕದ್ದುಮುಚ್ಚಿ ಮನೆಯಲ್ಲೇ ತಯಾರಿಸುವ ನಾಡ ಪಿಸ್ತೂಲು. ಒಂದಕ್ಕಿಂತ ಹೆಚ್ಚಿದ್ದರೆ 'ಕಟ್ಟೆ'.

ಸಮೋಸ ಹಂಚುತ್ತಿದ್ದಾಗಲೇ ಅತ್ತೆ ಎದ್ದು ನಿಂತರು. ನಾನು ಪಕ್ಕದಲ್ಲಿ ನಿಂತು ಹಿಂದಿಗೆ ತಿರುಗಿಸತೊಡಗಿದೆ. ನನ್ನ ಹಿಂದಿ ತರಕಾರಿಯವನ ಹತ್ತಿರ ಚೌಕಾಸಿ ಮಾಡಿ ಕಲಿತದ್ದು. ಕಟ್ಟೆಗೆ ಹಿಂದಿಯಲ್ಲಿ ಏನನ್ನುತ್ತಾರೋ ತಿಳಿಯದೆ ಆ ಒಂದು ಪದವನ್ನು ಹಾಗೇ ಬಿಟ್ಟೆ.

"ಇವರಿಗೆ ಕಟ್ಟೆ ಬೇಕಂತೆ" ಎಂದೆ. "ಊರಲ್ಲಿ ಎಲ್ಲರ ಮನೆಯಲ್ಲೂ ಇದೆಯಂತೆ. ಕಟ್ಟೆ ಇಲ್ಲದೆ ಇವರಿಗೆ ಸಂಜೆ ಕಳೆಯುವುದಿಲ್ಲ."

ಸಿ.ಒ. ಸಾಹೇಬರು ಮುಂದಕ್ಕೆ ಬಾಗಿ, ಎಲ್ಲರ ಮನೆಯಲ್ಲೂ ಅಂದರೆ ಹೇಗೆ, ಎಲ್ಲಿಂದ ತರುತ್ತಾರೆ ಎಂದು ಕೇಳಿದರು.

"ತರೋದ್ಯಾಕೆ, ನಮ್ದು ನಮ್ಮ ಮಾವ ಕೈಯಾರೆ ಮಾಡಿದ್ದು" ಎಂದರು ಅತ್ತೆ ಹೆಮ್ಮೆಯಿಂದ. "ಊರಲ್ಲಿ ಏನೇ ಜಗಳ ಆದ್ರೂ ಕೊನೆಗೆ ಕಟ್ಟೇಲೇ ತೀರ್ಮಾನ ಆಗೋದು."

ನಾನು ಒಂದಕ್ಷರ ಬಿಡದೆ ತಿರುಗಿಸಿದೆ. ಸುಬೇದಾರರೊಬ್ಬರು ಗಂಟಲಿಗೆ ಸಮೋಸ ಸಿಕ್ಕಿಸಿಕೊಂಡು ಕೆಮ್ಮುತ್ತ ಹೊರಗೆ ಹೋದರು. ಸಾಹೇಬರು ತುಂಬ ಮೆಲ್ಲಗೆ, ಯಾವ ಜಿಲ್ಲೆ ಎಂದು ಕೇಳಿದರು. ಮೈಸೂರು ಎಂದೆ. ಅವರು ತಮ್ಮ ಶ್ರೀಮತಿಯವರ ಮುಖ ನೋಡಿದರು. ಆ ಶ್ರೀಮತಿಯವರು ದಸರೆಗೆ ಮೈಸೂರಿಗೆ ಬಂದು ಹೋಗಿದ್ದರಂತೆ.

ಯಜಮಾನರು ಆಗ ಫೈರಿಂಗ್ ರೇಂಜಿಗೆ ಹೋಗಿದ್ದವರು ಇನ್ನೂ ಮರಳಿರಲಿಲ್ಲ. ಇದ್ದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಮಾರನೆಯ ಬೆಳಿಗ್ಗೆ ಆ ಕೆಮ್ಮಿದ ಸುಬೇದಾರರೂ ಇನ್ನೊಬ್ಬರೂ ಮನೆಗೆ ಬಂದರು. ಕಟ್ಟೆಗೆ ಜಾಗ ನೋಡಲು ಬಂದಿದ್ದಾರೆಂದು ನಾವಿಬ್ಬರೂ ಸಂಭ್ರಮಪಟ್ಟೆವು. ಅತ್ತೆ ಕಾಫಿ ಕೊಟ್ಟು, ಕಡ್ಲೆಪುರಿ ತಂದಿಟ್ಟರು.

"ಮಾತಾಜೀ, ಕಟ್ಟಾ ಜೊತೆಗೆ ತಂದಿದ್ದೀರಾ?" ಎಂದು ಸುಬೇದಾರರು ಕೇಳಿದರು.

ನಾನು ಕನ್ನಡಕ್ಕೆ ತಿರುಗಿಸಿದೆ. ಅತ್ತೆ ನಕ್ಕರು. "ತರಕ್ಕಾಯ್ತದಾ? ಅದೇನು ರೈಲಲ್ಲಿ ಒತ್ಕಂಡು ಬರೋ ವಸ್ತುವಾ?"

"ಎಷ್ಟು ದೊಡ್ಡದು?"

ಅತ್ತೆ ಎರಡೂ ಕೈ ಚಾಚಿ ತೋರಿಸಿದರು. "ಎಂಟಾಳು ಆರಾಮಾಗಿ ಮೇಲೆ ಕೂತ್ಕಬೋದು."

ಸುಬೇದಾರರು ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. ಆಮೇಲೆ ಅಪ್ಪಣೆ ಕೇಳಿ ಮಂಚದ ಕೆಳಗೆ ಬಗ್ಗಿ ನೋಡಿದರು, ರಾಗಿ ಹಿಟ್ಟಿನ ಡಬ್ಬದಲ್ಲಿ ಕೈಯಾಡಿಸಿದರು, ಮುದ್ದೆ ಕೋಲನ್ನು ಬೆಳಕಿಗೆ ಹಿಡಿದು ಅದರ ತುದಿಯಲ್ಲಿ ತೂತು ಇದೆಯೇ ಎಂದು ಕಣ್ಣಿಟ್ಟು ಪರೀಕ್ಷಿಸಿದರು. "ಪಾಪ, ಮುದ್ದೆ ನೋಡಿಲ್ಲ ಕಣವ್ವ, ಮಧ್ಯಾನ್ನ ಉಣ್ಣಕ್ಕಿರಕ್ಕೇಳು" ಎಂದರು ಅತ್ತೆ. ಅವರು ಉಣ್ಣಲು ಇರಲಿಲ್ಲ. ಮೊಣಕೈವರೆಗೆ ಹಿಟ್ಟು ಮೆತ್ತಿಸಿಕೊಂಡು ನೇರ ಆಫೀಸಿಗೆ ಹೋಗಿ, ಅದು ಪಿಸ್ತೂಲಲ್ಲ ಸಾಬ್, ಎಂಟು ಜನ ಮೇಲೆ ಕೂರುತ್ತಾರಂತೆ, ಫಿರಂಗಿಯೇ ಇರಬೇಕು ಎಂದು ವರದಿ ಒಪ್ಪಿಸಿದರಂತೆ.

ಯಜಮಾನರು ರೇಂಜಿನಿಂದ ಬಂದವರು ಬೂಟು ಬಿಚ್ಚುವ ಮುಂಚೆಯೇ ಸಾಹೇಬರ ಮುಂದೆ ನಿಂತಿದ್ದರು. ನಿಮ್ಮೂರಲ್ಲಿ ಕಟ್ಟೆ ಇವೆಯೇ ಎಂದು ಕೇಳಿದರಂತೆ. ಇವರಿಗೆ ಆ ಕಡೆಯ ಕಟ್ಟಾವೂ ಗೊತ್ತು, ನಮ್ಮ ಕಟ್ಟೆಯೂ ಗೊತ್ತು. ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಆದರೆ ಅಟೆನ್ಷನ್ನಿನಲ್ಲಿ ನಿಂತವನು ನಗುವ ಹಾಗಿಲ್ಲ. ಬಾಯಿ ತೆರೆದರೆ ಮಾತಿಗೆ ಮುಂಚೆ ನಗುವೇ ಹೊರಗೆ ಬರುತ್ತದೆ. ಕೊನೆಗೆ ತೋರಿಸಲು ಅಪ್ಪಣೆ ಬೇಡಿ, ಹೊರಗೆ ಹೋಗಿ, ಆಫೀಸಿನ ವರಾಂಡದ ಅಂಚಿನಲ್ಲಿ ಯೂನಿಫಾರಂ ಸಮೇತ ಒಂದು ಕಾಲು ಮಡಿಸಿ ಒಂದು ಕಾಲು ಇಳಿಬಿಟ್ಟು ಕೂತು, ಹೋಗುತ್ತಿದ್ದ ಒಬ್ಬ ಜವಾನನನ್ನು ಕರೆದು, "ಏನಪ್ಪ, ಊಟ ಆಯ್ತಾ?" ಎಂದು ಕನ್ನಡದಲ್ಲಿ ವಿಚಾರಿಸಿದರು. ಆಮೇಲೆ ಎದ್ದು ಸೆಲ್ಯೂಟ್ ಹೊಡೆದು, "ಇಷ್ಟೇ ಸಾಬ್, ಕಟ್ಟೆ" ಎಂದರು. ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಒಳಗಿನಿಂದ ನಗು ಕೇಳಿಸಿತು ಎಂದು ಕ್ಲರ್ಕು ಆಮೇಲೆ ಹೇಳಿದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಿಲಿಟರಿಯಲ್ಲಿ ಒಂದು ಪಾಯಿಂಟ್ ಎದ್ದಿತೆಂದರೆ ಅದನ್ನು ಕೂರಿಸಲೇಬೇಕು. ಮುಂದಿನ ವಾರವೇ ನಮ್ಮ ಬ್ಲಾಕಿನ ಬೇವಿನ ಮರದ ಕೆಳಗೆ ಜನ ಬಂದು ದಾರ ಹಿಡಿದು ಅಳೆದರು. ಅತ್ತೆ ದಿನವೂ ಹೋಗಿ ನಿಂತು ಸಲಹೆ ಕೊಟ್ಟರು. ಕಾಲು ನೆಲಕ್ಕೆ ತಗಲಬಾರದು, ತಗಲಿದರೆ ಎದ್ದು ಹೋಗಬೇಕು ಅನ್ನಿಸುತ್ತದೆ ಎನ್ನುವುದು ಅವರ ಲೆಕ್ಕ. ನಾನು ಅದನ್ನೂ ತಿರುಗಿಸಿ ಹೇಳಿದೆ. ಕಾಲು ತಗಲಬಾರದು ಎಂದರೆ ಯಾರ ಕಾಲು ಎಂದು ಅವರು ಕೇಳಲಿಲ್ಲ. ಯೂನಿಟ್ಟಿನ ಅತಿ ಎತ್ತರದ ಆಳನ್ನು ಲೆಕ್ಕಕ್ಕೆ ಹಿಡಿದರೆಂದು ಕಾಣುತ್ತದೆ. ಎದ್ದು ನಿಂತ ಕಟ್ಟೆ ನನ್ನೆದೆಯ ಮಟ್ಟಕ್ಕಿತ್ತು. ಆಮೇಲೆ ಅದಕ್ಕೆ ಮೆಟ್ಟಿಲು ಬಂತು, ಮೆಟ್ಟಿಲಿಗೆ ಕಂಬಿ ಬಂತು, ಅಂಚಿಗೆ ಕೆಂಪು ಬಿಳಿ ಬಂತು, ಮರಕ್ಕೆ ಹೊಸ ಚಡ್ಡಿಯೂ ಬಂತು. ಸಂಜೆ ಐದರಿಂದ ಆರರವರೆಗೆ ಹರಟೆ ಎಂದು ಬೋರ್ಡೂ ಬಂತು.

ಸಾಹೇಬರ ಶ್ರೀಮತಿಯವರು ಟೇಪು ಕತ್ತರಿಸಿದರು. ಹೆಂಗಸರೆಲ್ಲ ಹತ್ತಿ ಕೂತರು, ಗಂಡಂದಿರ ರ‍್ಯಾಂಕಿನ ಪ್ರಕಾರ, ಒಂದೇ ಸಾಲಿನಲ್ಲಿ, ಕೈಗಳನ್ನು ಮಂಡಿಯ ಮೇಲಿಟ್ಟು. ಒಬ್ಬರೂ ತುಟಿ ಬಿಚ್ಚಲಿಲ್ಲ. "ಇದೇನವ್ವ, ಗ್ರೂಪ್ ಫೋಟೋವಾ?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು. ಮಾರನೆಯ ದಿನದಿಂದ ಅಲ್ಲಿ ಅತ್ತೆಯೊಬ್ಬರೇ. ಅಷ್ಟೆತ್ತರದಲ್ಲಿ ಒಂಟಿಯಾಗಿ ಕೂತ ಅವರು ಹೊಲ ಕಾಯಲು ಅಟ್ಟಣೆ ಹತ್ತಿದವರಂತೆ ಕಾಣುತ್ತಿದ್ದರು. ಅದೇ ಹೊತ್ತಿಗೆ ಯಜಮಾನರಿಗೆ ಗಡಿಗೆ ಹೋಗುವ ಆರ್ಡರೂ ಬಂತು. ಅವರು ಹೊರಟ ಮೇಲೆ ಅತ್ತೆ, "ಕಟ್ಟೆ ಅಂದ್ರೆ ಕಲ್ಲಲ್ಲ ಕಣವ್ವ. ನಾನು ಕೇಳ್ಬಾರದಿತ್ತು. ಇನ್ನು ಊರ್ಗೋಯ್ತೀನಿ ಬುಡು" ಎಂದರು. ಆ ರಾತ್ರಿ ನಾನು ಅತ್ತೆಗೆ ಕಾಣದ ಹಾಗೆ ಅತ್ತೆ. ಈ ವಾಕ್ಯದಲ್ಲಿ ಎರಡು ಅತ್ತೆ ಬಂದಿವೆ. ನನ್ನ ಆಗಿನ ಸ್ಥಿತಿಯೂ ಹಾಗೇ ಗೊಂದಲವಾಗಿತ್ತು.

ಕಟ್ಟೆ ಖಾಲಿ ಬಿದ್ದಿರುವ ಸುದ್ದಿ ಸಾಹೇಬರಿಗೆ ಮುಟ್ಟಿತು. ಕಟ್ಟಿಸಿದ ಸೌಲಭ್ಯ ಬಳಕೆಯಾಗದಿದ್ದರೆ ಮೇಲಿನವರು ಕೇಳುತ್ತಾರಲ್ಲ. ಆರ್ಡರ್ ಹೊರಟಿತು: ಪ್ರತಿದಿನ ಸರದಿಯಂತೆ ಮೂವರು ಹೆಂಗಸರು ಸಂಜೆ ಕಟ್ಟೆಗೆ ಹಾಜರಾಗಿ ಮಾತಾಡತಕ್ಕದ್ದು. ನಂಬಿ, ಹರಟೆಗೂ ಡ್ಯೂಟಿ ಹಾಕಿದರು. ಮೊದಲ ದಿನ ಬಂದವರು ಮುಖ ಊದಿಸಿಕೊಂಡು, ಗಡಿಯಾರ ನೋಡಿಕೊಂಡು ಕೂತಿದ್ದರು. ಒಬ್ಬಳು ಪಂಜಾಬಿನವಳು, ಒಬ್ಬಳು ಬಂಗಾಳದವಳು, ಎಳೆಯ ಮಗಳನ್ನು ಮಡಿಲಲ್ಲಿಟ್ಟುಕೊಂಡ ಇನ್ನೊಬ್ಬಳು ಗಢವಾಲಿನ ಬೆಟ್ಟದವಳು, ಕಮಲಾ. ಅವಳ ಗಂಡನೂ ಗಡಿಯಲ್ಲಿದ್ದ. ಅವಳು ಮನೆಯಿಂದ ಹೊರಗೆ ಬಂದದ್ದನ್ನೇ ನಾನು ಅದುವರೆಗೆ ನೋಡಿರಲಿಲ್ಲ.

ಅತ್ತೆ ಮೂವರನ್ನೂ ನೋಡಿದರು. ಕೆಳಗಿಳಿದು ಮನೆಗೆ ಹೋಗಿ, ಹಿಂದಿನ ದಿನ ನೆನೆಹಾಕಿದ್ದ ಅವರೆಕಾಳಿನ ಪಾತ್ರೆ ತಂದು ನಡುವೆ ಇಟ್ಟರು. ಒಂದು ಕಾಳು ಎತ್ತಿ ಹಿದುಕಿದರು. ಬೇಳೆ ಚಿಮ್ಮಿ ಹೋಗಿ ಬಂಗಾಳದವಳ ಕನ್ನಡಕಕ್ಕೆ ತಾಗಿತು. ಅವಳು ಬೆಚ್ಚಿ, ಕನ್ನಡಕ ಒರೆಸಿಕೊಂಡು, ತಾನೂ ಒಂದು ಕಾಳೆತ್ತಿ ಪಂಜಾಬಿನವಳಿಗೆ ಗುರಿಯಿಟ್ಟಳು. ಆರು ಗಂಟೆಗೆ ಡ್ಯೂಟಿ ಮುಗಿಯಿತೆಂದು ಹೇಳಲು ಬಂದ ಜವಾನನನ್ನು ಯಾರೂ ತಿರುಗಿ ನೋಡಲಿಲ್ಲ. ಕೈಗೆ ಕೆಲಸ ಬಿದ್ದ ಮೇಲೆ ಬಾಯಿ ತಾನಾಗಿ ಬಿಚ್ಚಿಕೊಂಡಿತ್ತು. ಪಂಜಾಬಿನವಳು ಪಂಜಾಬಿಯಲ್ಲಿ ತನ್ನ ನಾದಿನಿಯನ್ನು ಬೈಯುತ್ತಿದ್ದಳು, ಅತ್ತೆ ಕನ್ನಡದಲ್ಲಿ "ಅಂಗೇ ಆಗಬೇಕು ಕಣವ್ವ ಅವಳಿಗೆ" ಎನ್ನುತ್ತಿದ್ದರು.

ಅಂದಿನಿಂದ ಸರದಿ ಇಲ್ಲದವರೂ ಬರತೊಡಗಿದರು. ಅವರೆಕಾಳು ಮುಗಿದ ಮೇಲೆ ಬಟಾಣಿ ಸುಲಿದರು, ಮೆಂತ್ಯದ ಸೊಪ್ಪು ಬಿಡಿಸಿದರು. ಒಂದು ಸಂಜೆ ಕಮಲಾ ಸೊಪ್ಪು ಬಿಡಿಸುತ್ತಲೇ ತನ್ನ ಬೆಟ್ಟದ ಭಾಷೆಯಲ್ಲಿ ಏನೋ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಅಳತೊಡಗಿದಳು. ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟು, "ಬತ್ತಾನೆ ಬುಡು ಮಗ, ಇಬ್ರೂ ಬತ್ತಾರೆ" ಎಂದರು. ಅವಳೇನು ಹೇಳಿದಳೆಂದು ತಿರುಗಿಸಲು ನನಗೆ ಆ ಭಾಷೆ ಬರುತ್ತಿರಲಿಲ್ಲ. ಇಬ್ಬರೂ ನನ್ನನ್ನು ಕೇಳಲೂ ಇಲ್ಲ.

ಅತ್ತೆ ಊರಿನ ಮಾತೆತ್ತಲಿಲ್ಲ. ನನಗೆ ನೋವು ಶುರುವಾದದ್ದೂ ಆ ಕಟ್ಟೆಯ ಮೇಲೆಯೇ. ಎತ್ತರದಿಂದ ನನ್ನನ್ನು ಇಳಿಸಿಕೊಂಡು, ಗಾಡಿಗೆ ಕಾಯದೆ, ತರಕಾರಿಯವನ ತಳ್ಳುಗಾಡಿಯಿಂದ ಹೂಕೋಸುಗಳನ್ನೆಲ್ಲ ಕೆಳಗಿಳಿಸಿ, ಅದರ ಮೇಲೆ ನನ್ನನ್ನು ಕೂರಿಸಿಕೊಂಡು ಆ ಹೆಂಗಸರೇ ಮಿಲಿಟರಿ ಆಸ್ಪತ್ರೆಗೆ ತಳ್ಳಿಕೊಂಡು ಹೋದರು. ದಾರಿಯಲ್ಲಿ ಸೆಂಟ್ರಿ ತಡೆದು ಪಾಸ್ ಕೇಳಿದ. ಕಮಲಾ ಅವನಿಗೆ ಏನಂದಳೋ, ಗೇಟು ತೆರೆದು ಸೆಲ್ಯೂಟ್ ಹೊಡೆದ. ಮಗ ಹುಟ್ಟಿದ. ಕಮಲಾಳ ಗಂಡನೂ ನನ್ನ ಗಂಡನೂ ಬೇಸಿಗೆಗೆ ಒಂದೇ ಲಾರಿಯಲ್ಲಿ ಮರಳಿದರು.

ಮಗ ಈಗ ಡಿಗ್ರಿ ಓದುತ್ತಿದ್ದಾನೆ. ಅತ್ತೆ ನಮ್ಮ ಜೊತೆ ಇಲ್ಲೇ ಹುಣಸೂರಿನಲ್ಲಿದ್ದಾರೆ. ಅವರಿಗೆ ಕಿವಿ ಮಂದವಾಗಿ ವರ್ಷಗಳಾದವು. ಆ ದಿನ ಹಾಲು ಹಿಡಿದು ಮನೆಗೆ ಬಂದವಳಿಗೆ ಇದೆಲ್ಲ ನೆನಪಾಗಿ, ತಡೆಯಲಾರದೆ ಕಮಲಾಳಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ತನ್ನ ಬೆಟ್ಟದ ಊರಿನಲ್ಲೇ ಇದ್ದಾಳೆ. ಅತ್ತೆಯ ಮುಖ ಕಂಡದ್ದೇ ತಡ ಹಿಂದಿ ಬಿಟ್ಟು ತನ್ನ ಭಾಷೆಗೆ ಇಳಿದಳು. ಅತ್ತೆ ಕನ್ನಡದಲ್ಲಿ ಉತ್ತರ ಕೊಟ್ಟರು. ಕಾಫಿ ಆರಿ ತಣ್ಣಗಾಗುವವರೆಗೂ ಇಬ್ಬರೂ ಮಾತಾಡಿದರು. ನಡುನಡುವೆ ನಕ್ಕರು. ಒಮ್ಮೆ ಅವಳು ಕಣ್ಣೊರೆಸಿಕೊಂಡಳು.

"ಏನಂದ್ಲು ಅತ್ತೆ?" ಎಂದು ಅವರ ಕಿವಿಯ ಹತ್ತಿರ ಕೂಗಿ ಕೇಳಿದೆ.

"ಮಗಳ ಮದುವೆ ಗೊತ್ತು ಮಾಡವ್ರಂತೆ ಕಣವ್ವ. ನಾವೆಲ್ಲ ಬರಲೇಬೇಕಂತೆ. ಟಿಕೆಟ್ ಮಾಡ್ಸು."

ಫೋನು ಇನ್ನೂ ನನ್ನ ಕೈಯಲ್ಲೇ ಇತ್ತು, ಕಮಲಾ ಪರದೆಯ ಮೇಲೇ ಇದ್ದಳು. ಹೌದೇನೇ ಎಂದು ಹಿಂದಿಯಲ್ಲಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡು, "ಬತ್ತೀವಿ ಕಣೇ" ಎಂದು ಕನ್ನಡದಲ್ಲೇ ಹೇಳಿ ಫೋನಿಟ್ಟೆ. ಯಜಮಾನರು ಪೇಪರಿನಿಂದ ತಲೆಯೆತ್ತಿ, ಮದುವೆ ಯಾವ ತಾರೀಖು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಮದುವೆ ಇದೆಯೋ ಇಲ್ಲವೋ ಅದೂ ಗೊತ್ತಿಲ್ಲ, ಮೂರು ಟಿಕೆಟ್ ನೋಡಿ, ಹೋಗಿ ಒಂದಷ್ಟು ದಿನ ಕೂತು ಬರೋಣ ಎಂದೆ.